ಮಾತಿಲ್ಲದ ಕೊನೆಯ ದೃಶ್ಯ

ಬೇರೆಯವರ ಮಾತಿಗೆ ಕಿವಿಗೊಡುವುದು ಸರಿಯಲ್ಲವೆಂದು ಗೊತ್ತು. ಆದರೆ ಮಧ್ಯಾಹ್ನದ ಆಟಕ್ಕೆ ಒಳಗೆ ಬಿಡುವ ಸಾಲಿನಲ್ಲಿ ಅವರಿಬ್ಬರೂ ನನ್ನ ಮುಂದೆಯೇ ನಿಂತಿದ್ದರು. ಒಬ್ಬರು ತೀರಿಕೊಂಡ ಡಬ್ಬಿಂಗ್ ಕಲಾವಿದರ ಹೆಂಡತಿ, ಇನ್ನೊಬ್ಬರು ನಾವು ನೋಡಲಿದ್ದ ಸಿನಿಮಾಕ್ಕೆ ಧ್ವನಿ ಜೋಡಿಸಿದವರು ಎಂದು ಅವರ ಮಾತಿನಿಂದಲೇ ತಿಳಿಯಿತು. ಒಂದೆರಡು ಪದ ಹೆಚ್ಚುಕಡಿಮೆ ಬರೆದಿರಬಹುದು.

“ಅತ್ತಿಗೆ, ಇದು ಐದನೇ ಸಲ. ಸಿನಿಮಾ ಪೂರ್ತಿ ಅಣ್ಣನ ದನಿ ಕೇಳಿದೀರಿ, ಸಾಲದಾ?”

“ನಾನು ಬರೋದು ಕೊನೇ ದೃಶ್ಯಕ್ಕೆ. ಸತ್ತ ಗಂಡ ಬಾಗಿಲಲ್ಲಿ ನಿಂತು ಹೆಂಡ್ತಿ ಹತ್ರ ಮಾತಾಡ್ತಾನಲ್ಲ, ಅದಕ್ಕೆ.”

“ಅಲ್ಲಿ ಮಾತೇ ಇಲ್ಲ. ಅದಕ್ಕೆ ದನಿ ಕೊಡೋ ಮೊದಲೇ ಅಣ್ಣ ಹೋಗ್ಬಿಟ್ರು. ಬೇರೆಯವರನ್ನ ಕರೆಯೋಕೆ ಮನಸ್ಸಾಗ್ದೆ ನನ್ನ ಕೈಯಾರೆ ಬರೀ ಗಾಳಿ ಸದ್ದು ಇಟ್ಟೆ.”

“ನಿನ್ನ ಗಾಳಿನೂ ಕೇಳುತ್ತೆ, ಅದರೊಳಗೆ ಇವರ ದನಿನೂ ಕೇಳುತ್ತೆ. ಇಪ್ಪತ್ತು ವರ್ಷ ಸಂಸಾರ ಮಾಡಿದೋಳಿಗೆ ಆ ಗಂಟಲು ಗೊತ್ತಾಗಲ್ವೇನೋ?”



“ಏನಂತಾರೆ?”

“ಹೋಗ್ಲಾ ಅಂತಾರೆ, ಅಷ್ಟೇ. ನಾಲ್ಕು ಸಲವೂ ನನಗೆ ಬಾಯೇ ಬರ್ಲಿಲ್ಲ. ನಾಳೆಯಿಂದ ಇಲ್ಲಿ ಈ ಸಿನಿಮಾ ಇರಲ್ವಂತೆ. ಇವತ್ತಾದ್ರೂ ಉತ್ತರ ಕೊಡ್ಬೇಕು. ನೀನು ಪಕ್ಕದಲ್ಲಿ ಕೂತಿದ್ರೆ, ನಿನ್ನ ಹತ್ರ ಮಾತಾಡ್ತಿದೀನಿ ಅಂದ್ಕೋತಾರೆ ಜನ.”

“ಏನ್ ಹೇಳ್ತೀರಿ?”

“ಮನೆಯಿಂದ ಹೊರಡೋರಿಗೆ ಏನ್ ಹೇಳ್ತೀವೋ ಅದೇ. ಹೋಗಿ ಬನ್ನಿ ಅಂತ.”

ಬಾಗಿಲಲ್ಲಿದ್ದವನು ಅವರ ಟಿಕೆಟ್ ಹರಿದು ಕೊಟ್ಟ.

“ಹೋಗಿ ಅನ್ನಿ ಅತ್ತಿಗೆ,” ಎಂದರು ಆತ, ಕತ್ತಲೊಳಗೆ ಕಾಲಿಡುತ್ತ. “ಬನ್ನಿ ಅನ್ಬೇಡಿ.”