ಮುಂಬಾಗಿಲು ಹೊರಗಿನವರಿಗೆ

...ಇಲ್ಲಮ್ಮ, ಆಣೆಗೂ ಹೇಳ್ತೀನಿ, ಈ ಬೀದಿಗೆ ನಾನು ಕಾಲಿಟ್ಟಿದ್ದು ಇವತ್ತೇ ಮೊದಲು. ಎಷ್ಟು ಸಲ ಕೇಳ್ತೀಯ ಕೊರಿನ್? ನಿಮ್ಮಮ್ಮನ ಹೊಸ ಮನೆ ಸುತ್ತ ಸುಳಿದಾಡಿದ್ದು ಗೊತ್ತಾದ್ರೆ ಟೆಸ್ಸಾ ಹುಟ್ಟುಹಬ್ಬಕ್ಕೆ ಒಳಗೆ ಕರ್ಕೊಂಡು ಹೋಗಲ್ಲ ಅಂದಿದ್ದೀಯ. ಮೊಮ್ಮಗಳ ಮುಖ ನೋಡಿ ಎಂಟು ತಿಂಗಳಾಯ್ತು. ಸುಳ್ಳು ಹೇಳಿ ಅದನ್ನೂ ಕಳ್ಕೊಳ್ತೀನಾ?

ಎರಡೇ ನಿಮಿಷ ಕಾರಲ್ಲೇ ಕೂತಿರು. ನಿಮ್ಮಮ್ಮನ ಜೊತೆಗಿರೋ ಈ ಲಾಯ್ಡ್ ಎಂಥ ಆಸಾಮಿ ಅಂತ ಇಲ್ಲಿಂದಲೇ ನೋಡ್ತೀನಿ. ನಗಬೇಡ. ಮೂವತ್ತು ವರ್ಷ ತೆರಿಗೆ ಕಚೇರಿಗೆ ಮನೆ ಅಳೆದವನು ನಾನು. ಈ ಓಹಾಯೋದಲ್ಲಿ ಮನೆ ತೋರಿಸಿದ್ರೆ ಸಾಕು, ಒಳಗಿರೋರ ಜಾತಕ ಹೇಳ್ತೀನಿ.

ಆ ಗ್ಯಾರೇಜ್ ನೋಡು, ಮೂರು ಕಾರು ಹಿಡಿಯತ್ತೆ. ಅದು ಎದೆಯುಬ್ಬಿಸಿ ಮುಂದೆ ನಿಂತಿದೆ, ಮನೆ ಹಿಂದೆ ಬಚ್ಚಿಟ್ಟುಕೊಂಡಿದೆ. ಜಗಲಿ ಮೂರಡಿ. ಕುರ್ಚಿ ಹಾಕಿದ್ರೆ ಮೊಣಕಾಲು ಕಂಬಿಗೆ ತಾಗತ್ತೆ. ನಮ್ಮನೆ ಜಗಲಿಯಲ್ಲಿ ನಿಮ್ಮಮ್ಮ ಸಂಜೆಯೆಲ್ಲ ಕಾಲು ಚಾಚಿಕೊಂಡು ಹೋಗೋ ಬರೋರನ್ನ ಮಾತಾಡಿಸ್ತಿದ್ದಳು... ಹೂಂ, ಹುಲ್ಲು ಪಟ್ಟೆಪಟ್ಟೆಯಾಗಿ ಕತ್ತರಿಸಿದ್ದಾನೆ. ಅದಕ್ಕೆ ಶನಿವಾರ ಪೂರ್ತಿ ಬೇಕು. ನನ್ನ ಹುಲ್ಲು ಮಂಡಿಯುದ್ದ ಬೆಳೆದಿತ್ತು ಅಂತ ನಿಮ್ಮಮ್ಮ ಡೈವೋರ್ಸ್ ವಕೀಲರ ಮುಂದೆ ಬೇರೆ ಹೇಳಿದ್ದಳು.

ಯಾಕೆ ನಿಟ್ಟುಸಿರು? ಹೌದು, ಹೊಟ್ಟೆ ಉರಿಯತ್ತೆ. ಉರಿಯಲ್ಲ ಅಂದ್ನಾ?

ಈಗ ನಾವು ಮುಂಬಾಗಿಲಿಗೆ ಹೋಗಿ ಗಂಟೆ ಒತ್ತಬೇಕು. ಆ ಬಾಗಿಲಿಗೆ ಬರೋದು ಪಿಜ್ಜಾದವನು, ಚರ್ಚಿನವರು, ಆಮೇಲೆ ನಾನು. ಮನೆಯವರು ಗ್ಯಾರೇಜಿಂದ ಒಳಗೆ ಹೋಗ್ತಾರೆ. ಅವಳು ಗ್ಯಾರೇಜಿಂದ ಹೋಗ್ತಾಳೆ ಕೊರಿನ್, ನಂಬರ್ ಒತ್ತಿ ಬಾಗಿಲು ತೆಗೆದು, ದಿನಸಿ ಚೀಲ ಸೊಂಟಕ್ಕಿಟ್ಟುಕೊಂಡು. ನಮ್ಮ ಜನಾನೇ ಹಾಗೆ, ಮುಂದುಗಡೆ ಬರೀ ತೋರಿಕೆ, ಬದುಕೋದೆಲ್ಲ ಹಿತ್ತಿಲಲ್ಲಿ. ಅಲ್ಲಿ ಹಲಗೆಯ ದೊಡ್ಡ ಜಗಲಿ. ಎರಡೇ ಕುರ್ಚಿ, ಒಂದಕ್ಕೊಂದು ತಾಗಿಸಿ. ಅವಳ ಕುರ್ಚಿಗೆ ನೀಲಿ ದಿಂಬು, ನಾನು ಕೊಡಿಸಿದ್ದು. ಅವಳು ಎದ್ದರೆ ಸಾಕು, ಅದರ ಮೇಲೆ ಆ ಲಾಯ್ಡ್ ಕಾಲು ಹಾಕ್ಕೊಂಡು ಬಿಯರ್ ಕುಡೀತಾನೆ, ಅವಳು ಸುಮ್ಮನೆ...

ಏನು ಹಾಗೆ ನೋಡ್ತೀಯ?

ಊಹೆ ಕಣಮ್ಮ. ಎಲ್ಲರ ಹಿತ್ತಿಲಲ್ಲೂ ಇರತ್ತಲ್ಲ, ಕುರ್ಚಿ, ದಿಂಬು...

ಕಾರಿನ ಬಾಗಿಲು ಯಾಕೆ ತೆಗೀತಿದ್ದೀಯ? ತಾಳು, ಬೇಕಾದ್ರೆ ಬಯ್ದುಬಿಡು.

ಸರಿ, ಬಂದಿದ್ದೆ, ಎರಡು ಸಲ. ಎರಡೇ ಸಲ... ಇಲ್ಲ. ಪ್ರತಿ ಗುರುವಾರ. ಮನೆ ಹಿಂದಿನ ಹಳ್ಳದ ದಾರಿಯಿಂದ ಬರ್ತೀನಿ. ಮರದ ಹತ್ತಿರ ನಿಂತು ನೋಡ್ತೀನಿ, ಅಷ್ಟೇ. ಅವಳಿಗೆ ಗೊತ್ತಿಲ್ಲ.

ಟೆಸ್ಸಾಗೆ ತಂದ ಉಡುಗೊರೆ ಯಾಕೆ ತಗೊಳ್ತಿದ್ದೀಯ ಕೊರಿನ್? ಅದು ನನ್ನ ಕೈಯಲ್ಲೇ ಇರಲಿ...

ಸರಿ. ನಾನು ಕಾರಲ್ಲೇ ಇರ್ತೀನಿ. ಆ ಗೊಂಬೆಗೆ ಬ್ಯಾಟರಿ ತಾತಾನೇ ಹಾಕಿದ್ದು ಅಂತ ಟೆಸ್ಸಾಗೆ ಹೇಳ್ತೀಯಾ?