ಬ್ಯಾರನ್ ಸೂರಿನ ತಂತಿ

ಬಾಗಿಲು ಹಾಕ್ಬೇಡಿ ಅಂಕಯ್ಯಣ್ಣ! ಒಂದ್ಮಾತು... ಒಂದೇ ಒಂದ್ಮಾತು ಕೇಳ್ಬುಡಿ! ನೀರು ಬ್ಯಾಡ, ಕೂರದೂ ಬ್ಯಾಡ. ಗುರುಪುರದಿಂದ ಓಡ್ಕೊಂಡೇ ಬಂದಿದೀನಿ, ಕಾಲಲ್ಲಿ ಮೆಟ್ಟೂ ಇಲ್ಲ ನೋಡಿ. ಈ ಚಿಕ್ಕಸಿದ್ದಮ್ಮ ಯಾವತ್ತಾದ್ರೂ ನಿಮ್ಮ ಮುಂದೆ ಇಂಗೆ ಕೈ ಮುಗ್ದು ನಿಂತಿದ್ಲಾ?

ನನ್ನ ಮಗಳು ಪವಿತ್ರಾ ಮನೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್ನು... ಅದರ ಸೂರು ಕೂತೋಯ್ತಾ ಐತೆ ಕಣಣ್ಣ! ಮಧ್ಯಾನಕ್ಕೆ ಸೊಪ್ಪು ಏರಿಸ್ತಾರೆ. ಹೆಂಗಸರೆಲ್ಲ ಕಡ್ಡಿಗೆ ಸೊಪ್ಪು ಕಟ್ತಾ ಕುಂತವ್ರೆ. ಕಟ್ಟಿ ಮುಗೀತಿದ್ದಂಗೆ ಅಳಿಯ ಮಾದೇಶ ಕಡ್ಡಿ ನೇತಾಕಕ್ಕೆ ಒಳಗೆ ಮ್ಯಾಲಕ್ಕೆ ಹತ್ತುತಾನೆ. ಹಸಿ ಸೊಪ್ಪಿನ ಭಾರ, ಮನುಷ್ಯನ ಭಾರ, ಎಲ್ಲಾ ಆ ತೊಲೆ ಮ್ಯಾಲೇ... ಅಯ್ಯೋ, ಹೇಳಕ್ಕೂ ಬಾಯಿ ಬರಲ್ಲ.

ಏನು, ಯಾರು ಮಾಡಿದ್ದು ಅಂತ ನೋಡ್ತೀರಾ? ಯಾರೋ ಒಬ್ಬ... ಕೆ.ಆರ್. ನಗರದ ಕಡೆ ಕಂತ್ರಾಟುದಾರ. ಹೆಸ್ರು ಯಾರಿಗೆ ಗೊತ್ತು! ಟಿವಿಎಸ್ ಮ್ಯಾಲೆ ಬಂದ, ಕೆಳಗೇ ನಿಂತು ಕತ್ತೆತ್ತಿ ನೋಡಿ, ಆಯ್ತದೆ ಬುಡಿ ಅಂದ. ಅಲ್ಲೇ ಗೊತ್ತಾಗ್ಬೇಕಿತ್ತು! ಕಸುಬು ಬಲ್ಲೋನು ಮೊದ್ಲು ಏಣಿ ಕೇಳ್ತಾನೆ. ನೀವು ಅಂಗೇ ಅಲ್ವಾ? ಹತ್ತಿ, ತೊಲೆ ತೊಲೆಗೂ ಉಳಿ ಹಿಡಿಯಿಂದ ತಟ್ಟಿ, ಕಿವಿ ಕೊಟ್ಟು ಕೇಳಿ, ಆಮೇಲೆ ಇಳಿದು ಬಂದು ಮಾತಾಡ್ತಿದ್ರಿ. ಹೆಂಚು ಹೊದಿಸಿದ ಮ್ಯಾಲೂ ನೆತ್ತಿ ಮ್ಯಾಲೆ ಕೊಡದಲ್ಲಿ ನೀರು ಹುಯ್ಸಿ, ನೀವು ಒಳಗೆ ಅಂಗಾತ ಮಲಗಿ ನೋಡ್ತಿದ್ರಿ. ನಮ್ಮನೇಲೇ ಕಂಡಿದೀನಲ್ಲ. ಇವನು? ಹೆಂಚಿನ ಸಾಲು ಚೆಂದ ಕಂಡ್ರೆ ಸಾಕು ಇವನಿಗೆ. ಬಾಡೂಟ ಉಂಡ, ಹೊಂಟೋದ.

ಯಾಕೆ ನಗ್ತೀರಿ? ...ನಗ್ಲಿಲ್ವಾ? ಸರಿ ಬುಡಿ, ನಂಗೆ ಅಂಗೆ ಕಾಣ್ತು.

ಹಸಿ ನೀಲಗಿರಿ ಮರ ಹಾಕವ್ನೆ ಅಣ್ಣ! ಮನೆಗಾದ್ರೆ ಎಂಗೋ ನಡೀತಿತ್ತು. ಬ್ಯಾರನ್‌ಗೆ ಹಾಕ್ತಾರಾ ಯಾರಾದ್ರೂ? ಒಳಗೆ ಹಗಲೂ ರಾತ್ರಿ ಬೆಂಕಿ! ಮೊದಲ್ನೇ ಸಲ ಸೊಪ್ಪು ಬೇಯಿಸಿದಾಗ್ಲೇ ಮರ ಒಣಗಿ ಸೊರಗೋಯ್ತು, ಕಟ್ಟೆಲ್ಲಾ ಸಡಿಲ. ಬೋಲ್ಟು ಬಿಗಿಯೋ ಜಾಗದಲ್ಲಿ ಬರೀ ತಂತಿ ಸುತ್ತವ್ನೆ, ಬರೀ ತಂತಿ! ಬೆಳಗ್ಗೆ ಒಳಗೆ ಗುಡಿಸ್ತಿದ್ನಾ... ತಂತಿ ತುಂಡೊಂದು ಬೆಂಕಿ ಕೊಳವೆ ಮ್ಯಾಲೆ ಟಣ್ ಅಂತ ಬಿತ್ತು. ಸೆರಗಲ್ಲಿ ಕಟ್ಕೊಂಡು ಬಂದೆ. ತಗಳ್ಳಿ, ಇದೇ ನೋಡಿ.

ಹೇಳ್ದೆ ಕಣಣ್ಣ, ಬಡ್ಕೊಂಡೆ! ಕಿತ್ತ ಸೊಪ್ಪು ಬಾಡೋಯ್ತದೆ, ಸುಮ್ನಿರು ಅತ್ತೆ ಅಂತಾರೆ. ನೀವು ಬಂದು ಹತ್ತಬೇಡಿ ಅಂದ್ರೆ ಮಾತ್ರ ನಿಲ್ಲಿಸ್ತಾರೆ. ಈ ಸೀಮೇಲಿ ಸೂರಿನ ವಿಚಾರಕ್ಕೆ ನಿಮ್ಮ ಮಾತು ಮೀರೋರು ಯಾರು?

ಅದ್ಯಾಕೆ ತಂತೀನ ಅಂಗೆ ತಿರುಗಿಸಿ ತಿರುಗಿಸಿ ನೋಡ್ತೀರಿ? ತಂತಿ ಅಷ್ಟೆ. ಯಾರು ಕಟ್ಟಿದ್ರೂ ತಂತೀನೇ... ಈಗ ನನ್ನ ಮುಖ ಯಾಕೆ ನೋಡ್ತೀರಿ? ನನ್ನ ಮಗ ಯತೀಶ ನೆನಪಾದ್ನಾ? ಅವನದ್ಯಾಕೆ ಈಗ? ಕೆಲ್ಸದಲ್ಲಿ ಕಳ್ಳಾಟ ಆಡ್ದ ಅಂತ ನೀವು ಅವನ್ನ ಓಡಿಸಿದ್ದು ಹಳೇ ಮಾತು. ಅವನ ಕೈ ತಾಗಿದ ಸೂರಿನ ಕೆಳಗೆ ಕಾಲಿಡಲ್ಲ ಅಂತ ಮಾದಪ್ಪನ ಮ್ಯಾಲೆ ಆಣೆ ಇಟ್ರಿ, ಇಟ್ಕಳಿ. ನಾನೇನು ಕೇಳಿದ್ನಾ? ಅವನು ಬೈಲಕುಪ್ಪೇಲಿ ಎಲ್ಲೋ ಕೆಲ್ಸದ ಮ್ಯಾಲವ್ನೆ. ಇದಕ್ಕೂ ಅವನಿಗೂ...

ಬೈಯೋದಾದ್ರೂ ಬೈದ್ಬುಡಿ ಅಣ್ಣ.

ತಂತಿ ನನ್ನ ಕೈಗೇ ಯಾಕೆ ವಾಪಸ್ ಕೊಡ್ತೀರಿ?

...ಹೂಂ. ಗೊತ್ತಾಯ್ತು ನಿಮಗೆ. ಎಲ್ಲಾರೂ ಬಲಕ್ಕೆ ಹುರಿ ತಿರುವ್ತಾರೆ, ಇದು ಎಡಕ್ಕೆ ತಿರುವೈತೆ. ನಿಮ್ಮತ್ರ ಕಸುಬು ಕಲ್ತೋರಲ್ಲಿ ಎಡಚ ಒಬ್ಬನೇ. ನನ್ನ ಹೊಟ್ಟೇಲಿ ಹುಟ್ಟಿದೋನು.

ನಿಜ ಹೇಳಿದ್ರೆ ನೀವು ಬರಲ್ಲ ಅಂತ ಸುಳ್ಳು ಹೇಳ್ದೆ ಕಣಣ್ಣ. ಮಾದೇಶ ಹತ್ತುತಾನೆ ಅಂದೆನಲ್ಲ... ಅದೂ ಸುಳ್ಳು. ಹತ್ತೋನು ಯತೀಶ. ಹೆತ್ತವಳೇ ಅನುಮಾನ ಪಟ್ಲು ಅಂತ ರೋಷ ಅವನಿಗೆ. ನಾನು ಹಾಕಿದ ಸೂರು, ಮೊದ್ಲು ನಾನೇ ಹತ್ತುತೀನಿ, ನಿಂತ್ಕೊಂಡು ನೋಡು ಅಂತ ಲುಂಗಿ ಎತ್ತಿ ಕಟ್ಟವ್ನೆ. ಕಾಲಿಗೆ ಬಿದ್ದೆ, ಕೇಳ್ಲಿಲ್ಲ. ನೀವು ಗದರಿದ್ರೆ ಇವತ್ತಿಗೂ ನಡುಗ್ತಾನೆ.

ಸೂರಿನ ಕೆಳಗೆ ಬರಬೇಡಿ ಅಣ್ಣ. ಆಣೆ ಮುರೀಬೇಡಿ. ಬ್ಯಾರನ್ ಬಾಗಿಲ ಹೊರಗೇ ನಿಂತು... ಅವತ್ತು ಓಡಿಸಿದ್ರಲ್ಲ, ಅಂಗೇ... ಇನ್ನೊಂದು ಸಲ ನನ್ನ ಮಗನ್ನ ಓಡಿಸ್ಬುಡ್ರಿ!