ಯಾರೂ ಕೇಳದ ಒಳಜೇಬು

ಒಂದೂರು. ಆ ಊರಲ್ಲೊಬ್ಬ ದರ್ಜಿ. ಶ್ರೀಮಂತನ ಕಥೆ ಹೇಳ್ತೀನಿ ಅಂದ್ಕೊಂಡಿದ್ರಾ? ಶ್ರೀಮಂತರ ಕಥೆ ಬೇಕಾದಷ್ಟು ಕೇಳಿದ್ದೀರಿ. ಇವತ್ತು ದೊಡ್ಡವರಿಗೆ ಅಂಗಿ ಹೊಲಿದವನ ಕಥೆ ಕೇಳಿ.

ಆ ನಾಡನ್ನ ಆಳ್ತಿದ್ದವನು ಒಬ್ಬ ದಂಡನಾಯಕ. ಹಳೆಯ ರಾಜ ತೀರಿಕೊಂಡ ದಿನ ಅರಮನೆ ಸುತ್ತ ಸೈನ್ಯ ನಿಲ್ಲಿಸಿ, "ಆರೇ ತಿಂಗಳು. ನಾಡು ಒಂದು ಹದಕ್ಕೆ ಬರಲಿ, ಆಮೇಲೆ ನೀವೇ ಆಳ್ಕೊಳ್ಳಿ" ಅಂದ. ಆ ಆರು ತಿಂಗಳು ಮುಗಿಯೋಕೆ ಇಪ್ಪತ್ತೆರಡು ವರ್ಷ ಹಿಡೀತು ನೋಡಿ!

ಇಪ್ಪತ್ತೆರಡು ವರ್ಷವೂ ಅವನ ಕೋಟು ಹೊಲಿದವನು ನಮ್ಮ ದರ್ಜಿ. ಅಗಲವಾದ ಎದೆ, ಭುಜಕ್ಕೆ ಜರಿಪಟ್ಟಿ, ಹಿತ್ತಾಳೆ ಗುಂಡಿ. ಇದು ಎಲ್ಲರಿಗೂ ಕಾಣೋದು. ಕಾಣದ್ದು ಒಂದಿತ್ತು. ಎಡಗಡೆ, ಅಸ್ತರಿನ ಒಳಗೆ, ಮೊಳಕೈವರೆಗೂ ಕೈ ಇಳಿಯುವಂಥ ಒಂದು ಜೇಬು. ಅಹವಾಲು ತಂದವರು "ಪ್ರಭು, ಇದು ನಮ್ಮ ಪ್ರೀತಿ" ಅಂತ ಏನು ಕೊಟ್ಟರೂ ಅದರೊಳಗೆ ಹೋಗ್ತಿತ್ತು. ಪ್ರೀತಿ! ಪಾಪ, ಆ ಒಂದು ಮಾತಿನ ಮೇಲೆ ನಾವು ಏನೇನು ಹೊರೆ ಹೇರ್ತೀವಿ.

ಕೊನೆಗೊಂದು ದಿನ ಜನಕ್ಕೆ ಸಾಕಾಯ್ತು. ಒಲೆ ಮೇಲಿನ ಅನ್ನ ಬಿಟ್ಟು ಬೀದಿಗೆ ಬಂದು ಕೂತರು. "ಗುಂಡು ಹಾರಿಸಿ" ಅಂದ ದಂಡನಾಯಕ. ಸೈನಿಕರು ನೋಡ್ತಾರೆ, ಎದುರಿಗೆ ಕೂತಿರೋರು ಅವರವರ ಅಮ್ಮಂದಿರು! ಕೋವಿ ಕೆಳಗಿಳಿಸಿದರು. ದಂಡನಾಯಕ ಹಡಗು ಹತ್ತಿದ. ಜನ ಮತ ಹಾಕಿ, ನಾಡಾಳೋಕೆ ಶಾಲೆಯ ಬಡಕಲು ಮೇಷ್ಟರನ್ನ ಆರಿಸಿದರು. ಆ ಮೇಷ್ಟರು ಯಾರು ಅಂದ್ಕೊಂಡ್ರಿ? ನಮ್ಮ ದರ್ಜಿಯ ಬಾಲ್ಯದ ಗೆಳೆಯ. ದಿನಾ ಸಂಜೆ ಅಂಗಡಿ ಜಗಲಿ ಮೇಲೆ ಕೂತು ಒಂದೇ ಕಡಲೆಕಾಯಿ ಪೊಟ್ಟಣಕ್ಕೆ ಇಬ್ಬರೂ ಕೈ ಹಾಕ್ತಿದ್ದರು.

ದರ್ಜಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನನ್ನ ಗೆಳೆಯ ತೇಪೆ ಅಂಗಿಯಲ್ಲಿ ಆ ಕುರ್ಚಿ ಮೇಲೆ ಕೂರೋದಾ?" ಅಂತ ಬಟ್ಟೆ ಹರಡಿದ.

ಹೆಂಡತಿ ಕೇಳಿದಳು: "ಅಲ್ರೀ, ಅಳತೆ ತಗೊಂಡ್ರಾ?"

"ಕುರ್ಚಿ ಅದೇ ಅಲ್ವೇನೇ? ಅಳತೆನೂ ಅದೇ."

ಇಪ್ಪತ್ತೆರಡು ವರ್ಷ ಪಳಗಿದ ಕೈ, ಅದು ಯಾರನ್ನೂ ಕೇಳಲಿಲ್ಲ. ಅಗಲ ಎದೆ ಕತ್ತರಿಸಿತು, ಜರಿಪಟ್ಟಿ ಹಚ್ಚಿತು, ಅಸ್ತರಿನೊಳಗೆ ಜೇಬನ್ನೂ ಹೊಲಿದುಬಿಡ್ತು.

ಮೇಷ್ಟರು ಕೋಟಿನೊಳಗೆ ಮುಳುಗಿಹೋದರು. ಅದು ಜೋತು ಬೀಳಬಾರದು ಅಂದರೆ ಎದೆ ಉಬ್ಬಿಸಬೇಕು. ಉಬ್ಬಿಸಿದರು. ಎದೆ ಉಬ್ಬಿಸಿದ ಮೇಲೆ ಮಾತು ಮೆತ್ತಗೆ ಬರುತ್ತಾ? ಬೇಕಾದರೆ ಕೂತಲ್ಲೇ ಉಬ್ಬಿಸಿ ನೋಡಿ! ಮೊದಲ ವಾರ "ಬನ್ನಿ, ಕೂತ್ಕೊಳ್ಳಿ" ಅಂತಿದ್ದವರು ಎರಡನೇ ವಾರ "ಏನು?" ಅಂದರು. ಮೂರನೇ ವಾರ "ನಾಳೆ ಬಾ" ಅಂದರು. ಸಂಜೆ ಜಗಲಿಗೆ ಬರೋದೂ ನಿಂತುಹೋಯ್ತು. ದರ್ಜಿ ಪೊಟ್ಟಣ ಬಿಚ್ಚಿ ಕಾದ, ಒಬ್ಬನೇ ತಿನ್ನೋಕೆ ಮನಸ್ಸಾಗದೆ ಮತ್ತೆ ಮಡಚಿಟ್ಟ. ನಾಡು ಕೆಟ್ಟೀತು ಅನ್ನೋ ಭಯ ಅವನಿಗೆ ಇನ್ನೂ ಬಂದಿರಲಿಲ್ಲ. ಗೆಳೆಯ ಕೈಬಿಟ್ಟು ಹೋದ ಅನ್ನೋ ಸಂಕಟ ಮಾತ್ರ ಬಂತು.

ಒಂದು ಭಾನುವಾರ ಮಧ್ಯಾಹ್ನ, "ತೋಳು ಉದ್ದ ಆಗಿದೆ, ಕೊಡು, ಸರಿಮಾಡ್ತೀನಿ" ಅಂತ ನೆಪ ಹೂಡಿ ಮೇಷ್ಟರ ಮನೆಗೆ ಹೋದ. ಕೋಟು ಕೈಗೆ ಬಂತು. ಭಾರ! ಒಳಗೆ ಕೈ ಹಾಕಿದರೆ ಬೆಳ್ಳಿಯ ಎಲೆಅಡಿಕೆ ಡಬ್ಬಿ. ಸೇತುವೆ ಕಟ್ಟೋ ಗುತ್ತಿಗೆದಾರನ ಕೈಯಲ್ಲಿ ಊರೆಲ್ಲ ನೋಡಿದ್ದ ಡಬ್ಬಿ.

"ಏನೋ ಇದು? ನೀನು ಎಲೆಅಡಿಕೆನೇ ಹಾಕೋಲ್ಲವಲ್ಲೋ!"

ಮೇಷ್ಟರ ಎದೆ ಇಳೀತು. "ಪ್ರೀತಿಯಿಂದ ಅಂತ ಕೊಟ್ಟ. ಬೇಡ ಅನ್ನಬೇಕು ಅಂತಲೇ ಇದ್ದೆ ಕಣೋ. ಕೈಯಲ್ಲಿ ಹಿಡ್ಕೊಂಡು ನಿಲ್ಲೋಕೆ ನಾಚಿಕೆ ಆಯ್ತು. ಅಷ್ಟರಲ್ಲಿ ಕೈಗೆ ಜೇಬು ಸಿಕ್ತು." ತಲೆ ತಗ್ಗಿಸಿಕೊಂಡೇ ಕೇಳಿದರು: "ಆದರೂ ಒಂದು ಮಾತು. ನಾನು ನಿನ್ನ ಹತ್ತಿರ ಈ ಜೇಬು ಕೇಳಿದ್ದೆನೇನೋ?"

ದರ್ಜಿ ಬೈಯೋಕೆ ಅಂತ ಬಾಯಿ ತೆರೆದಿದ್ದ. ಬೈಗುಳದ ಬದಲು ಅಳು ಬಂತು. "ಇಲ್ಲ ಕಣೋ. ನೀನು ಕೇಳಲಿಲ್ಲ. ನಾನೇ ಹೊಲಿದೆ."

ಕೂತಲ್ಲೇ ಕತ್ತರಿ ತೆಗೆದು ಜೇಬು ಬಿಚ್ಚಿದ, ಜರಿಪಟ್ಟಿ ಕಿತ್ತ. ಆಮೇಲೆ ಕೊರಳಲ್ಲಿದ್ದ ಟೇಪು ತೆಗೆದು, ಮೊದಲನೇ ಸಲ, ಗೆಳೆಯನ ಅಳತೆ ತಗೊಂಡ. "ಉಸಿರು ಬಿಡೋ ಮಾರಾಯ, ಉಬ್ಬಿಸಬೇಡ" ಅಂದ. ಇಬ್ಬರೂ ನಕ್ಕರು, ಕಣ್ಣೀರು ಒರೆಸಿಕೊಂಡೇ ನಕ್ಕರು.

ಮಾರನೇ ದಿನ ಮೇಷ್ಟರು ತುಂಬಿದ ಸಭೆಯಲ್ಲಿ ಡಬ್ಬಿಯನ್ನ ಗುತ್ತಿಗೆದಾರನ ಕೈಗಿಟ್ಟು, "ನನ್ನದು ತಪ್ಪಾಯ್ತು" ಅಂತ ಜನರಿಗೆ ಕೈ ಮುಗಿದರು. "ನೀನೂ ಬೇಜಾರು ಮಾಡ್ಕೋಬೇಡಪ್ಪ. ಇಟ್ಕೊಳ್ಳೋಕೆ ನನ್ನ ದರ್ಜಿ ಜಾಗಾನೇ ಬಿಟ್ಟಿಲ್ಲ." ಅವತ್ತು ಸಂಜೆ ಜಗಲಿ ಮೇಲೆ ಪೊಟ್ಟಣ ಮತ್ತೆ ಬಿಚ್ಚಿಕೊಂಡಿತು.

ನಗ್ತಿದ್ದೀರಿ. ನಗಿ, ನಗಬೇಕು. ಆದರೆ ಒಂದು ಕೇಳ್ತೀನಿ. ದಂಡನಾಯಕ ಹಡಗು ಹತ್ತಿ ಹೋದ, ಅವನ ಅಳತೆ ಎಲ್ಲಿ ಹೋಯ್ತು? ಎಲ್ಲೂ ಹೋಗಲಿಲ್ಲ, ದರ್ಜಿಯ ಕೈಯಲ್ಲೇ ಇತ್ತು. ನಮ್ಮ ಕೈಯಲ್ಲೂ ಇದೆ. ಮೊನ್ನೆವರೆಗೂ ನಿಮ್ಮ ಬೀದಿ ನಲ್ಲಿಗೇ ಕೊಡ ಹಿಡಿದು ನಿಂತಿದ್ದವನು ಪಂಚಾಯ್ತಿಗೆ ಗೆದ್ದ ಮಾರನೇ ದಿನ ಅವನನ್ನ 'ಸಾಹೇಬ್ರೇ' ಅಂದವರು ಯಾರು? ಕಚೇರಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ ಒಳಗೆ ಹೋಗೋರು ಯಾರು? ಹೊಸದಾಗಿ ಕೆಲಸಕ್ಕೆ ಸೇರಿದ ಹೆಣ್ಣುಮಗಳು, ಪಾಪ, ಬಾಯಿ ಬಿಡೋ ಮೊದಲೇ "ಇರಲಿ ಇಟ್ಕೊಳ್ಳಮ್ಮ" ಅಂತ ಮೇಜಿನ ಕೆಳಗೆ ನೋಟು ತೂರಿಸೋರು ಯಾರು? ಆಮೇಲೆ ಮನೆಗೆ ಬಂದು, "ನಾಡು ಕೆಟ್ಟುಹೋಯ್ತು, ಯಾರಾದರೂ ದಂಡನಾಯಕ ಬಂದು ಬಾರಿಸಬೇಕು" ಅನ್ನೋರೂ ನೀವೇ!

ನಾಳೆ ಸೋಮವಾರ. ಖಾತೆ, ಪಹಣಿ ಅಂತ ನಿಮ್ಮಲ್ಲಿ ಯಾರಾದರೂ ಕಚೇರಿಗೆ ಹೋಗೇ ಹೋಗ್ತೀರಿ. ಚಪ್ಪಲಿ ಹಾಕ್ಕೊಂಡೇ ಒಳಗೆ ಹೋಗಿ. ಅರ್ಜಿ ಕೊಟ್ಟಿದ್ದಕ್ಕೆ ರಸೀದಿ ಕೇಳಿ. "ನಾಳೆ ಬಾ" ಅಂದರೆ ನಾಳೆ ಹೋಗಿ, ನಾಡಿದ್ದೂ ಹೋಗಿ, ಬರಿಗೈಯಲ್ಲಿ ಹೋಗಿ, ನಗುನಗುತ್ತಾ ಹೋಗಿ. ನೀವು ಆರಿಸಿದವನನ್ನ ಮೊದಲು ಹೇಗೆ ಕರೀತಿದ್ದಿರೋ ಹಾಗೇ ಕರೀರಿ, ಜಗಲಿ ಮೇಲೆ ಕೂರಿಸಿ ಕಡಲೆಕಾಯಿ ಕೊಡಿ. ಅವನು ನಮ್ಮವನು, ನಮ್ಮವನಾಗೇ ಉಳಿಯೋ ಆಸೆ ಅವನಿಗೂ ಇದೆ. ಅವನು ಕೇಳದ ಜೇಬು ಮಾತ್ರ ಹೊಲಿದುಕೊಡಬೇಡಿ.